ಸೂಟು ಕಳೆದ ಮೇಲೆ

ಇಪ್ಪತ್ತಾರು ವರ್ಷ ಮಂಡ್ಯದ ಬೆಲ್ಲದ ಮಾರುಕಟ್ಟೆಯಲ್ಲಿ
ನಾನು ತೂಕದವನು.
ಅಚ್ಚು, ಬಕೆಟ್ಟು, ಕುರಿಕಾಟು, ಯಾವುದೇ ಬರಲಿ
ಮುಳ್ಳು ನಿಲ್ಲುವ ಮುಂಚೆ ಬಾಯಲ್ಲಿ ಅಂಕಿ.
ಒದ್ದೆಗೆಂದು, ಗೋಣಿಗೆಂದು
ಕ್ವಿಂಟಾಲಿಗೆ ಒಂದೂವರೆ ಕೆಜಿ ಸೂಟು ಕಳೆದರೆ
ರೈತರು ಅಂಗಿ ಹಿಡಿಯುತ್ತಿದ್ದರು.
ಹಿಡಿಯಬೇಕಾದ್ದೇ.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ದೇಚಮ್ಮ
ಅಕ್ಕನ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು
ಕಾಯಿಲೆಯ ಹೆಸರು ಹೇಳಿದರು:
ನಾನ್ ಸ್ಮಾಲ್ ಸೆಲ್. ಸಣ್ಣ ಕಣದ್ದಲ್ಲ.
"ಸಣ್ಣದಲ್ಲ ಅಂತ ಹೆಸ್ರಲ್ಲೇ ಅಂದ್ಬುಟ್ರಲ್ಲ" ಎಂದಳು
ನಿಂಗಾಜಕ್ಕ.

ಬೀಡಿ ಮುಟ್ಟಿದವಳಲ್ಲ.
ಹನಕೆರೆಯ ಆಲೆಮನೆಯಲ್ಲಿ ಮೂವತ್ತು ಹಂಗಾಮು
ಒಲೆಬಾಯಿಗೆ ರಚ್ಚು ತುಂಬಿದಳು, ಆಮೇಲೆ
ಕೊಪ್ಪರಿಗೆಯ ಪಕ್ಕಕ್ಕೆ ಬಂದು ಪಾಕ ನೋಡುವವಳಾದಳು.
ಆ ಹೊಗೆಯಿಂದಲೇ ಬಂತೇ ಅಂದೆ.
ಹೌದೆನ್ನಲಾರೆ, ಅಲ್ಲವೆಂದೂ ಅನ್ನಲಾರೆ
ಎಂದರು ಡಾಕ್ಟರು.

ಗುಳಿಗೆಯಲ್ಲೇ ಹಿಡಿತಕ್ಕೆ ಬರಬಹುದೇನೋ ಎಂದು
ಜೀನಿನ ಪರೀಕ್ಷೆಗೆ ಕಳಿಸಿದ್ದರು.
ಆ ಎರಡು ವಾರದಲ್ಲಿ ಅಕ್ಕ
ಗುಳಿಗೆಗೆಂದು ಡಬ್ಬಿಯೊಂದನ್ನು ತೊಳೆದು ಒಣಗಿಸಿಟ್ಟಳು.
ಉತ್ತರ ಬಂತು. ಆ ಬಗೆಯದಲ್ಲ.
ಡಬ್ಬಿಯಲ್ಲೀಗ ಲವಂಗ.

ಉಳಿದದ್ದು ಡ್ರಿಪ್ಪು. ಮೂರು ವಾರಕ್ಕೊಮ್ಮೆ, ನಾಲ್ಕು ಸಲ.
ಡಾಕ್ಟರು ಕಾಗದದ ಮೇಲೆ ನೂರು ಸೊನ್ನೆ ಬರೆದರು:
ಇವರು ನೂರು ಜನ.
ಏನೂ ಕೊಡದಿದ್ದರೆ ವರ್ಷ ದಾಟುವವರು ಇಪ್ಪತ್ತು.
ಕೊಟ್ಟರೆ ಇಪ್ಪತ್ತೊಂಬತ್ತು.
ಒಂಬತ್ತು ಸೊನ್ನೆಗಳಿಗೆ ನೀಲಿ ತುಂಬಿದರು.
ಕ್ವಿಂಟಾಲಿಗೆ ಒಂಬತ್ತು ಕೆಜಿ!
ನನ್ನ ಮಾರುಕಟ್ಟೆಯಲ್ಲಿ ಅದು ಬಹಳ.
ತಲೆಯಾಡಿಸಿದೆ.
ಆ ಒಂಬತ್ತರಲ್ಲಿ ಅಕ್ಕ ಯಾವ ಸೊನ್ನೆ
ಎಂದು ಕೇಳಲು ಬಾಯಿ ಬರಲಿಲ್ಲ.

ವಾಪಸು ಬಸ್ಸಿನಲ್ಲಿ, ಪಟ್ಟಣದ ಸೇತುವೆ ದಾಟುವಾಗ
ಟಿಕೇಟಿನ ಬೆನ್ನಿಗೆ ಸೂಟು ಕಳೆಯತೊಡಗಿದೆ.
ಸಿಕ್ಕರೆ ಎರಡು ತಿಂಗಳು ಹೆಚ್ಚು: ಅರವತ್ತು ದಿನ.
ಹೋಗುವ, ಬರುವ, ರಕ್ತ ಕೊಡುವ ದಿನ: ಹನ್ನೆರಡು.
ವಾಂತಿಗೆ, ಡ್ರಿಪ್ಪಿಗೆ ಐದರಂತೆ: ಇಪ್ಪತ್ತು.
ಜ್ವರ ಬಂದು ವಾರ್ಡಿನಲ್ಲಿ ಮಲಗಿದರೆ?
ಬರೆದು ಹೊಡೆದುಹಾಕಿದೆ.
ನಿವ್ವಳ ಇಪ್ಪತ್ತೆಂಟು.
ಆದರೆ ಕೆಮ್ಮಿಲ್ಲದ ಒಂದು ರಾತ್ರಿ ಸಿಕ್ಕಿದರೆ
ಅದನ್ನು ಯಾವ ತಟ್ಟೆಗಿಡಬೇಕು, ಎಷ್ಟೆಂದು ಕೂಗಬೇಕು?
ಚೆಕಿಂಗಿನವನು ಹತ್ತಿದ. ಟಿಕೇಟು ನೋಡಿ,
ತಿರುಗಿಸಿ ನೋಡಿ,
ಏನೂ ಅನ್ನದೆ ವಾಪಸು ಕೊಟ್ಟ.

"ಬೆಳ್ಳು ಜೋಮು ಹಿಡೀತದೆ ಅಂದ್ರಲ್ಲ?"
ಕೆಲವರಿಗಂತೆ.
"ನಾಲಗೆ ರುಚಿನೂವೆ?"
ಅದು ಬರುತ್ತದಂತೆ, ತಿರುಗಿ. ಬೆರಳು ಗೊತ್ತಿಲ್ಲ.
ಅಕ್ಕ ಕೈ ಬಿಡಿಸಿ ಮಡಿಲಲ್ಲಿಟ್ಟುಕೊಂಡಳು.
ಕುದಿಯುವ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು
ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿ
"ಇಳಿಸ್ರಿ" ಎನ್ನುತ್ತಿದ್ದ ಕೈ.
ಈ ಹೊತ್ತಲ್ಲಿ ಬೆರಳ ಚಿಂತೆಯೇ ಅಂದೆ, ಸಿಟ್ಟಿನಿಂದ.

"ನೀನು ತೂಗೋನು ಕಣ್ಲಾ.
ಬೆಲ್ಲ ಆದ್ಮೇಲೆ ನಿನ್ ತಾವ ಬತ್ತದೆ.
ಕೊಪ್ಪರಿಗೇಲಿರೋವಾಗ ತೂಕ ಎಲ್ಲೈತೆ?
ಹದ ಅಷ್ಟೆಯ.
ಒಸಿ ಮುಂಚೆ ಇಳಿಸುದ್ರೆ ನಿಲ್ಲಾಕಿಲ್ಲ,
ಒಸಿ ತಡ ಆದ್ರೆ ಸೀದೋಯ್ತದೆ."

ಮುಂದಿನ ಮಂಗಳವಾರ ಡಾಕ್ಟರಿಗೆ ಅವಳೇ ಹೇಳಿದಳು:
"ಎರಡು ಹಾಕಿ. ಆಮ್ಯಾಕೆ ಚಿತ್ರ ತಗೀರಿ.
ಉಸ್ರು ಸಲೀಸಾದ್ರೆ ಇನ್ನೆರಡು.
ಬೆಳ್ಳು ಸಾಯ್ತಾ ಬಂದ್ರೆ ನಾನೇ ಅಂತೀನಿ,
ಬೆಂಕಿ ಎಳೀರಿ ಅಂತ.
ಆಗ ಇವನ ಮಾತು ಕೇಳ್ಬ್ಯಾಡಿ."
ದೇಚಮ್ಮ ಪೆನ್ನು ತೆಗೆದು ಬರೆದುಕೊಂಡರು.
ಅದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆದರೋ.

ಮೊದಲ ಡ್ರಿಪ್ಪಿನ ಆರನೆಯ ದಿನ, ವಾಂತಿ ನಿಂತ ಸಂಜೆ,
ಬಟ್ಟಲಲ್ಲಿ ತಣ್ಣೀರು ಕೇಳಿದಳು,
ಚಿಟಿಕೆ ಬೆಲ್ಲ ಕೇಳಿದಳು.
ಕಣ್ಣು ಮುಚ್ಚಿ ಎರಡು ಬೆರಳಲ್ಲಿ ಹೊರಳಿಸಿದಳು,
ಬಹಳ ಹೊತ್ತು.
ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹೋಯಿತು.
"ಇನ್ನೂ ಅಂಟ್ತದೆ" ಎಂದಳು.
ಬಟ್ಟಲು ತೊಳೆದಿಟ್ಟು ಬಂದೆ.